ಟೊಪ್ಪಿಗೆ ನೋಡಿ ತೀರ್ಪು ಕೊಡಬೇಡಿ

ಮಾರ್ಟಿ ರಾಬಿನ್ಸ್‌ನ 1959ರ ‘ಗನ್‌ಫೈಟರ್ ಬ್ಯಾಲಡ್ಸ್ ಅಂಡ್ ಟ್ರೇಲ್ ಸಾಂಗ್ಸ್’ ಆಲ್ಬಮ್ಮನ್ನು ಪಾಪ್ ಗಾಯಕನೊಬ್ಬನ ಕೌಬಾಯ್ ವೇಷವೆಂದು ಕಳೆದ ಸಂಚಿಕೆಯ ಲೇಖಕರು ತಳ್ಳಿಹಾಕಿದ್ದಾರೆ. ಪಿಸ್ತೂಲು ಹಿಡಿದ ಮುಖಪುಟ ನೋಡಿಯೇ ತೀರ್ಪು ಬರೆದರೋ ಏನೋ! ರಾಬಿನ್ಸ್ ಹುಟ್ಟಿದ್ದು ಅರಿಜೋನಾದಲ್ಲಿ, ಅಜ್ಜ ಹೇಳುತ್ತಿದ್ದ ಪಶ್ಚಿಮ ಸೀಮೆಯ ಕಥೆಗಳನ್ನು ಕೇಳುತ್ತಲೇ ಬೆಳೆದ.

ಕವಿಯ ಹೆಸರು ಗೊತ್ತಿದ್ದರೆ ಹಾಡು ಜಾನಪದವಲ್ಲ ಎಂಬುದು ಲೇಖಕರ ಇನ್ನೊಂದು ವಾದ. ಈ ಆಲ್ಬಮ್ಮಿನಲ್ಲಿರುವ ‘ಸ್ಟ್ರಾಬೆರಿ ರೋನ್’ ಹಾಡನ್ನು ಬರೆದವನು ಕರ್ಲಿ ಫ್ಲೆಚರ್. ಹಾಗೆಂದು ಕೌಬಾಯ್‌ಗಳು ಅದನ್ನು ಹಾಡದೆ ಬಿಟ್ಟರೇ?

ಎಲ್ಲವೂ ದುಡ್ಡಿಗಾಗಿ ಎಂಬ ಅವರ ಮಾತೂ ನಿಲ್ಲುವುದಿಲ್ಲ. ರೇಡಿಯೊ ಚುಟುಕು ಹಾಡುಗಳನ್ನು ಬಯಸುತ್ತಿದ್ದ ಕಾಲದಲ್ಲಿ ಇದೇ ಆಲ್ಬಮ್ಮಿನ ‘ಎಲ್ ಪಾಸೊ’ ಹಾಡು ನಾಲ್ಕೂವರೆ ನಿಮಿಷ ದಾಟುತ್ತದೆ, ನಾಯಕ ಸಾಯುತ್ತಾನೆ. ಲಾಭದ ಲೆಕ್ಕ ಹಾಕುವವನು ಹೀಗೆ ಬರೆಯುವುದಿಲ್ಲ. ಆದರೂ 1960ರಲ್ಲಿ ಅದು ಕಂಟ್ರಿ, ಪಾಪ್ ಎರಡೂ ಪಟ್ಟಿಗಳ ತುದಿಯಲ್ಲಿತ್ತು.

ದೂರುವುದಕ್ಕೆ ಬೇರೆಯೇ ವಿಷಯವಿತ್ತು. ಹಗ್ಗ ಬೀಸಿ ದನ ಹಿಡಿಯುವ ವಿದ್ಯೆ ಬಂದದ್ದೇ ಮೆಕ್ಸಿಕೊದ ದನಗಾಹಿಗಳಾದ ವಕೇರೊಗಳಿಂದ. ಕಪ್ಪು ಜನರಲ್ಲೂ ಸಾವಿರಾರು ಕೌಬಾಯ್‌ಗಳಿದ್ದರು. ‘ಎಲ್ ಪಾಸೊ’ದಲ್ಲಿ ಮೆಕ್ಸಿಕೊದ ಪಾಲಿಗೆ ಸಿಕ್ಕಿದ್ದು ನರ್ತಕಿಯ ಪಾತ್ರ ಮಾತ್ರ. ಆ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.