ಇಟಗಿಯ ದೇವಾಲಯ ಚಕ್ರವರ್ತಿ

ಕಲ್ಯಾಣದ ಚಾಲುಕ್ಯ ಸಾರ್ವಭೌಮನಾದ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ.ಶ. 1112ರಲ್ಲಿ ಕೊಪ್ಪಳ ಸೀಮೆಯ ಇಟಗಿಯಲ್ಲಿ ನಿರ್ಮಿಸಿದ ಶಿವಾಲಯವನ್ನು ಅಲ್ಲಿಯ ಶಾಸನವು ‘ದೇವಾಲಯ ಚಕ್ರವರ್ತಿ’ಯೆಂದು ಕೊಂಡಾಡಿರುವುದು ಅತಿಶಯೋಕ್ತಿಯಲ್ಲವೆಂಬುದು, ಅದರ ತೆರೆದ ಮಂಟಪವನ್ನು ಹೊಕ್ಕ ಸಹೃದಯರಿಗೆಲ್ಲ ಮನದಟ್ಟಾಗದಿರದು. ಬಾದಾಮಿಯ ಪೂರ್ವಜರು ಬಳಸಿದ ಮರಳುಗಲ್ಲನ್ನು ಬಿಟ್ಟು ಮೃದುವಾದ ಬಳಪದ ಕಲ್ಲನ್ನು ಆಯ್ದುಕೊಂಡ ರೂವಾರಿಗಳು, ಕಂಬಗಳನ್ನು ತಿರುಗಣೆಯಲ್ಲಿ ಕಡೆದು, ಬಳೆಗಳನ್ನು ಒಂದರ ಮೇಲೊಂದು ತೊಡಿಸಿದಂತೆ ನವುರಾದ ಅಂಚುಗಳನ್ನು ಮೂಡಿಸಿ, ದ್ರಾವಿಡ ವಿಮಾನಕ್ಕೂ ಕರ್ಣಾಟಕದ ಸ್ವಂತ ಲಾವಣ್ಯವನ್ನು ತಂದಿತ್ತರು. ಬಳ್ಳಿ, ಮಕರ, ಕೀರ್ತಿಮುಖಗಳ ಸೂಕ್ಷ್ಮ ಕೆತ್ತನೆಯಲ್ಲಿ ವ್ಯಕ್ತವಾದ ಈ ಹಸ್ತಕೌಶಲವೇ ಮುಂದೆ ಹೊಯ್ಸಳ ಶಿಲ್ಪದಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಇಂತಹ ನಿಧಿಯ ರಕ್ಷಣೆ ಸರ್ಕಾರವೊಂದರದೇ ಹೊಣೆಯಲ್ಲ; ಕಂಬಗಳ ಮೇಲೆ ಹೆಸರು ಕೊರೆಯದೆ, ಶಿಲ್ಪಗಳಿಗೆ ಎಣ್ಣೆ ಬಳಿಯದೆ, ಮಕ್ಕಳಿಗೆ ಇದರ ಚರಿತ್ರೆಯನ್ನು ತಿಳಿಸಿ ಕಾಪಾಡುವುದು ನಾಡಿಗರೆಲ್ಲರ ಕರ್ತವ್ಯ.