ಬಾರದ ಹಕ್ಕಿಯನ್ನು ಕಾಣುವವರು ಯಾರು?

ಫೆಬ್ರವರಿ ಬಂತೆಂದರೆ ನಮ್ಮ ಕಡೆಯ ಕಾಲೇಜು ಹುಡುಗ ಹುಡುಗಿಯರ ಮೊಬೈಲುಗಳಲ್ಲಿ ಹಕ್ಕಿಗಳದ್ದೇ ಸುಗ್ಗಿ. ಶುಕ್ರವಾರ ರಾತ್ರಿ ಪುತ್ತೂರು, ಸುಳ್ಯಗಳಿಂದ ಹೊರಟು, ಸಂಪಾಜೆ ಘಾಟಿ ಹತ್ತಿ, ಶನಿವಾರ ಬೆಳಗ್ಗೆ ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಭಾನುವಾರ ಸಂಜೆಯೊಳಗೆ ಮೂವತ್ತೋ ನಲವತ್ತೋ ಜಾತಿಗಳ ಪಟ್ಟಿ ಸಿದ್ಧ. ಇದನ್ನು ಪಕ್ಷಿವೀಕ್ಷಣೆ ಎನ್ನುತ್ತೇವೆ. ನನ್ನ ತಕರಾರು ಈ ಹೆಸರಿನ ಮೇಲೆ. ಇದು ಪ್ರವಾಸ, ಒಳ್ಳೆಯ ಪ್ರವಾಸವೇ ಇರಬಹುದು. ವೀಕ್ಷಣೆ ಬೇರೆ.

ವಾರಾಂತ್ಯಕ್ಕೆ ಹೋದವರಿಗೆ ಕಾಣುವುದು ಇದ್ದ ಹಕ್ಕಿ ಮಾತ್ರ. ಬಾರದ ಹಕ್ಕಿಯನ್ನು ಕಾಣಬೇಕಾದರೆ ಅಲ್ಲೇ ಬದುಕುತ್ತಿರಬೇಕು. ನವರಂಗ ಹಕ್ಕಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಉತ್ತರ, ಮಧ್ಯ ಭಾರತದ ಕಡೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಮರಳುತ್ತದೆ. ಮುಂಜಾನೆ, ಮುಸ್ಸಂಜೆ ಕೂಗುವುದು ಅದರ ರೂಢಿ. ಈಶ್ವರಮಂಗಲದ ಒಂದು ತೋಟದ ಅಂಚಿನಲ್ಲಿ ಈ ವರ್ಷ ಅದು ಕೂಗಲಿಲ್ಲ ಎಂದು ಹೇಳಬಲ್ಲವರು, ಹೋದ ವರ್ಷ ಮತ್ತು ಅದರ ಹಿಂದಿನ ವರ್ಷ ಅಲ್ಲೇ ಕಿವಿಗೊಟ್ಟವರು ಮಾತ್ರ.

ಇದು ಬರಿಯ ಊರಿನ ಅಭಿಮಾನದ ಮಾತೆಂದು ತಿಳಿಯಬೇಡಿ. ಸಾಕ್ಷಿ ನಮ್ಮ ಗಡಿಯಾಚೆಯೇ ಇದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯ ಪಡ್ರೆಯಲ್ಲಿ ಕರುಗಳು ಅಂಗ ಊನವಾಗಿ ಹುಟ್ಟುತ್ತಿದ್ದುದನ್ನು ಗಮನಿಸಿದವರು ಅಲ್ಲಿಯ ಕೃಷಿಕರು. 1980ರ ದಶಕದ ಆರಂಭದಲ್ಲೇ ಅದನ್ನು ಬರೆದವರು ಅದೇ ಊರಿನ ಪತ್ರಕರ್ತ ಶ್ರೀಪಡ್ರೆ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಕೋರ್ಟಿಗೆ ಕಾಣಲು ಮೂರು ದಶಕ ಬೇಕಾಯಿತು. ದಿನಾ ಹಟ್ಟಿಗೆ ಹೋಗುವವರಿಗೆ ಮೊದಲೇ ಕಂಡಿತ್ತು.

"ನೋಡಿದರೆ ತಾನೇ ಪ್ರೀತಿ ಹುಟ್ಟುವುದು, ಪ್ರೀತಿಯಿದ್ದರೆ ತಾನೇ ಉಳಿಸುವುದು?" ಎಂದು ಗೆಳೆಯರು ಕೇಳುತ್ತಾರೆ. ತೂಕದ ಮಾತೇ. ಸಲೀಂ ಅಲಿ ಹೋಗಿ ನೋಡಿ, ಹೇಳಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆದರೆ ಆ ಧಾಮ ಒಂದು ಚದರ ಕಿಲೋಮೀಟರಿನಷ್ಟೂ ದೊಡ್ಡದಿಲ್ಲ. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಹೊಟ್ಟೆ ಹೊರೆಯಲು ಸುತ್ತಲಿನ ಗದ್ದೆ, ನಾಲೆ, ಕೆರೆಗಳಿಗೆ ಹೋಗಲೇಬೇಕು. ಆ ಗದ್ದೆಗೆ ಏನು ಸಿಂಪಡಿಸಿದರು, ಆ ಕೆರೆ ಬತ್ತಿತೇ ಎಂಬುದು ದೋಣಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರಗಳಲ್ಲೇ ಮರಿ ಮಾಡುತ್ತವೆ. ಹುಣಸೆಯ ಫಸಲನ್ನು ಬಿಟ್ಟುಕೊಟ್ಟು ಅವನ್ನು ಉಳಿಸಿಕೊಂಡವರು ಆ ಊರವರೇ.

ಹಾಗಾದರೆ ಧಾಮದಲ್ಲಿ ಹುಟ್ಟಿದ ಪ್ರೀತಿ ನಮ್ಮ ಜೊತೆ ಘಾಟಿ ಇಳಿದು ಊರಿಗೆ ಬಂದಿದೆಯೇ? ತುಳುನಾಡಿನ ನಾಗಬನಗಳನ್ನು ನೋಡಿ. ಮರ ಕಡಿದು, ಕಾಂಕ್ರೀಟು ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್ ಹಾಸುವುದಕ್ಕೆ ಜೀರ್ಣೋದ್ಧಾರ ಎಂಬ ಹೆಸರು. ಮಂಗಟ್ಟೆ ತಾನಾಗಿ ಮರ ಕೊರೆಯಲಾರದು. ಅದಕ್ಕೆ ಹಳೆಯ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲು ಮೆತ್ತಿಕೊಳ್ಳುವುದು ಇದೇ ತಿಂಗಳುಗಳಲ್ಲಿ. ಊರಲ್ಲಿ ಬ್ರಹ್ಮಕಲಶಗಳ ಕಾಲವೂ ಇದೇ. ಒಂದು ಮರ ಉರುಳುವಾಗ ನಾವೆಲ್ಲಿರುತ್ತೇವೆ? ದಾಂಡೇಲಿಯಲ್ಲಿ ಮಂಗಟ್ಟೆಯ ಫೋಟೊ ತೆಗೆಯುತ್ತಿರುತ್ತೇವೆ.

ಪ್ರತಿ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಹೆಸರಲ್ಲೇ ಹಿತ್ತಿಲಿದೆ, ಕನಿಷ್ಠ ಹದಿನೈದು ನಿಮಿಷ ಒಂದೆಡೆ ಹಕ್ಕಿ ಎಣಿಸಿದರೆ ಸಾಕು. ಆ ಎಣಿಕೆಗೂ ಬಸ್ಸು ಹಿಡಿಯುವವರಿದ್ದಾರೆ, ಪಟ್ಟಿ ಉದ್ದವಾಗಲೆಂದು.

ಪ್ರವಾಸ ಬಿಡಿ ಎನ್ನುತ್ತಿಲ್ಲ. ಕಾಲೇಜಿನ ಪಕ್ಷಿಪ್ರಿಯರು ವರ್ಷಕ್ಕೊಮ್ಮೆ ಹೋಗಿಬರಲಿ. ಉಳಿದ ಶನಿವಾರಗಳಲ್ಲಿ ಊರಿನ ಒಂದೇ ಬನಕ್ಕೆ, ಒಂದೇ ಹೊತ್ತಿಗೆ, ಹದಿನೈದು ನಿಮಿಷ. ಕೈಯಲ್ಲೊಂದು ಪುಸ್ತಕ, ಅದರಲ್ಲಿ ಎರಡು ಸಾಲು: ಬಂದದ್ದು, ಬಾರದ್ದು. ಎರಡನೆಯ ಸಾಲು ತುಂಬಲು ಮೂರು ನಾಲ್ಕು ವರ್ಷ ಬೇಕು. ಪದವಿ ಮುಗಿಯುವುದರೊಳಗೆ ಆದೀತು. ಮುಂದೆ ಜೀರ್ಣೋದ್ಧಾರ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಓದಲು ಆ ಪುಸ್ತಕ ಬೇಕಾಗುತ್ತದೆ. ದಾಂಡೇಲಿಯ ಫೋಟೊ ಅಲ್ಲಿ ಪ್ರಯೋಜನಕ್ಕೆ ಬಾರದು.