ಹೆದರಿಕೆ ಸಂಯಮವಲ್ಲ

"ನಾನು ಕಣ್ಣು ಬಿಟ್ಟರೆ ಸಾಕು, ಮಗ ತೆಪ್ಪಗಾಗುತ್ತಾನೆ" ಎಂದು ಹೆಮ್ಮೆಪಡುವ ತಾಯಂದಿರು ನಮ್ಮ ಹೇರೂರಿನ ಕಡೆ ಬಹಳ. ಕ್ಷಮಿಸಿ, ಅದು ಸಂಯಮವಲ್ಲ, ಹೆದರಿಕೆ. ಅಮ್ಮ ಮರೆಯಾದೊಡನೆ ಅದೂ ಮಾಯ.

ನಮ್ಮ ಕ್ರೈಸ್ತ ಮನೆಗಳಲ್ಲಂತೂ ಬೆತ್ತಕ್ಕೆ ಜ್ಞಾನೋಕ್ತಿಗಳ ಆಧಾರ ಕೊಡುವವರಿದ್ದಾರೆ. ಅವರು ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯವನ್ನೂ ತೆರೆಯಲಿ. ಅಲ್ಲಿ ಹೇಳಿದ ಆತ್ಮನ 9 ಫಲಗಳಲ್ಲಿ ಕೊನೆಯದು ಸಂಯಮ. ಹಳೆಯ ಕನ್ನಡ ಬೈಬಲು ಅದನ್ನು 'ಶಮೆದಮೆ' ಎಂದಿತು. ನೆರೆಮನೆಯ ಭಟ್ಟರಿಗೂ ಪರಿಚಿತವಾದ ಮಾತು. ಫಲವೆಂದ ಮೇಲೆ ಅದು ಗಿಡದಲ್ಲೇ ಬಲಿಯಬೇಕು, ಬಡಿದು ಉದುರಿಸಿದರೆ ಕಾಯಿಯೇ.

ನಾನೂ ತಪ್ಪಿದವಳೇ. ಒಂದು ವರ್ಷ ತಪಸ್ಸು ಕಾಲದಲ್ಲಿ ಮೀನು-ಮಾಂಸ ಬಿಟ್ಟಿದ್ದೆ, ಸಿಟ್ಟು ಬಿಟ್ಟಿರಲಿಲ್ಲ. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳ ಮುರಿದು ತಿಂದಳೆಂದು ಮಗಳಿಗೆ ಹೊಡೆದೆ. ಮರುದಿನ ಅವಳು ತಮ್ಮನಿಗೆ ಹಾಗೆಯೇ ಹೊಡೆದಳು. ನಾನು ಕಲಿಸಿದ್ದೇನೆಂದು ಆಗ ತಿಳಿಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಶಾಲೆಯಲ್ಲಿ ನಮ್ಮ ಕೈ ಕಟ್ಟಿದೆ. ಮನೆಯಲ್ಲಿ ನಾವೇ ಕಟ್ಟಿಕೊಳ್ಳಬೇಕು. "ಊಟವಾದ ಮೇಲೆ ಕೊಡುತ್ತೇನೆ" ಎಂದ ಹಪ್ಪಳವನ್ನು ಊಟವಾದ ಮೇಲೆ ಕೊಡಿ. ಮಾತು ತಪ್ಪುವ ಅಮ್ಮನನ್ನು ನಂಬಿ ಯಾವ ಮಗು ಕಾದೀತು?